ಪೂರ್ತಿ ವಾಕ್ಯ

ನೋವು ಮನುಷ್ಯನ ಅಹಂಕಾರವನ್ನು ಸುಟ್ಟು ಅವನನ್ನು ಶುದ್ಧಗೊಳಿಸುತ್ತದೆ ಎಂದು ಬಲ್ಲವರು ಬರೆದಿದ್ದಾರೆ. ಅವರಲ್ಲಿ ಯಾರೂ ನಾಲ್ಕು ಇಡ್ಲಿ, ಒಂದು ಬಟ್ಟಲು ಸಾಂಬಾರು, ಮೇಲೊಂದು ಲೋಟ ಕಾಫಿ ಹೊಟ್ಟೆಗೆ ಹಾಕಿಕೊಂಡು ಒಂದು ಮೈಲಿ ಓಡಿದವರಲ್ಲ ಎಂಬುದು ಆ ಬರಹದಿಂದಲೇ ಗೊತ್ತಾಗುತ್ತದೆ. ಬಲಗಡೆ ಕೊನೆಯ ಪಕ್ಕೆಲುಬಿನ ಕೆಳಗೆ, ಒಣಹಾಕಿದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪು ಕಚ್ಚಿಕೊಂಡಂತೆ ಅದು ಶುರುವಾಗುತ್ತದೆ. ಹತ್ತು ಹೆಜ್ಜೆಯೊಳಗೆ ಆ ಕ್ಲಿಪ್ಪು ಬಡಗಿಯ ಇಕ್ಕಳವಾಗುತ್ತದೆ. ನನ್ನ ಅಹಂಕಾರವೇನೂ ಅದರಲ್ಲಿ ಸುಡಲಿಲ್ಲ. ಸುಟ್ಟದ್ದು ಇಡ್ಲಿ ಕೂತಿದ್ದ ಜಾಗ ಮಾತ್ರ.

ಈ ನೋವಿನ ಶಾಸ್ತ್ರದಲ್ಲಿ ನನಗೆ ಗುರುಗಳು ಎಂದು ಒಬ್ಬರಿದ್ದರು. ಕಳೆದ ತಿಂಗಳು ಅವರು ತೀರಿಕೊಂಡರೆಂದು ಹಳೆಯ ಕಾರ್ಖಾನೆಯ ಮಿತ್ರರೊಬ್ಬರು ಫೋನು ಮಾಡಿ ತಿಳಿಸಿದರು. ಎಂಬತ್ತು ದಾಟಿತ್ತಂತೆ. ಪಾಪ ಎನ್ನಬೇಕೆಂದು ಬಾಯಿ ತೆರೆದವನು "ಎಷ್ಟು ಹೊತ್ತಿಗೆ?" ಎಂದು ಕೇಳಿಬಿಟ್ಟೆ. ಮಿತ್ರರು, "ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇತ್ತಂತೆ," ಎಂದರು. ಗೇಟು ಮುಚ್ಚುವ ಮೊದಲೇ ಒಳಗೆ ಹೋದರು ಎಂದು ಇಬ್ಬರೂ ನಕ್ಕೆವು. ಸತ್ತವರ ವಿಷಯದಲ್ಲಿ ಹೀಗೆ ನಗಬಾರದು ಎಂದು ನನಗೂ ಗೊತ್ತಿದೆ. ಅವರನ್ನು ಏಕವಚನದಲ್ಲಿ ಬರೆದು ಹಗೆ ತೀರಿಸಿಕೊಳ್ಳೋಣವೆಂದು ಎರಡು ಸಲ ಪ್ರಯತ್ನಿಸಿ ನೋಡಿದೆ. ಕೈ ಬರಲಿಲ್ಲ. ಆದ್ದರಿಂದ ಗೌರವಪೂರ್ವಕವಾಗಿಯೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ಘಾಟ್ಕೋಪರಿನಲ್ಲಿ, ಹಳಬರೆಲ್ಲ ಆಗ್ರಾ ರೋಡ್ ಎಂದೇ ಕರೆಯುತ್ತಿದ್ದ ರಸ್ತೆಯ ಬದಿಗೆ, ಪಂಪುಗಳನ್ನು ಮಾಡುವ ಒಂದು ಕಾರ್ಖಾನೆ. ಅದರ ಗೇಟಿನ ಪಕ್ಕದ ಸಣ್ಣ ಕಿಟಕಿಯ ಹಿಂದೆ ಅವರು ಕೂತಿರುತ್ತಿದ್ದರು. ವಿಜಾಪುರ ಕಡೆಯವರು, ಹುದ್ದೆಯಲ್ಲಿ ಟೈಮ್‌ಕೀಪರ್. ಬೂದು ಬಣ್ಣದ ಕೋಟು, ಸೈಕಲ್ಲಿನ ಚೈನಿಗೆ ಸಿಕ್ಕಬಾರದೆಂದು ಪ್ಯಾಂಟಿನ ಬುಡಕ್ಕೆ ಹಾಕಿದ ಕ್ಲಿಪ್ಪು, ಕೋಟಿನ ಎರಡು ಜೇಬಿನಲ್ಲಿ ಎರಡು ಗಡಿಯಾರ. ಒಂದು ಕಂಪನಿಯದು, ಒಂದು ಸ್ವಂತದ್ದು. ಅರ್ಧ ಗಂಟೆಗೊಮ್ಮೆ ಎರಡನ್ನೂ ಹೊರಗೆ ತೆಗೆದು ಅಂಗೈ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು ಎನ್ನುವಂತೆ ನೋಡುತ್ತಿದ್ದರು. ಮರಾಠಿ ಕಾರ್ಮಿಕರು ಅವರನ್ನು 'ಘಡ್ಯಾಳ್' ಎನ್ನುತ್ತಿದ್ದರು. ಗಡಿಯಾರ ಎಂದೇ ಅರ್ಥ. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ.

ಕೆಲಸ ಎಂಟಕ್ಕೆ ಶುರು. ಎಂಟೂ ಐದರವರೆಗೆ ರಿಯಾಯಿತಿ. ಎಂಟೂ ಐದಕ್ಕೆ ಕಿಟಕಿಯ ಹಲಗೆ ಬೀಳುತ್ತಿತ್ತು. ಆಮೇಲೆ ಬಂದವನು ಹಲಗೆ ತಟ್ಟಿ ತನ್ನ ಕಾರ್ಡಿನಲ್ಲಿ ಅರ್ಧ ದಿನ ಗೈರುಹಾಜರಿ ಬರೆಸಿಕೊಂಡು ಒಳಗೆ ಹೋಗಬೇಕು. ಒಂದು ದಿನ ಲೇಥಿನ ವಿಭಾಗದವನೊಬ್ಬ ಎಂಟೂ ಏಳಕ್ಕೆ ಓಡುತ್ತ ಬಂದ. ಹೆಂಡತಿಯನ್ನು ಬೆಳಗಿನ ಜಾವ ಹೆರಿಗೆ ಆಸ್ಪತ್ರೆಗೆ ಸೇರಿಸಿ ಬಂದಿದ್ದ. ನಮ್ಮ ಟೈಮ್‌ಕೀಪರರು ಹಲಗೆ ತೆರೆದು ಗಮನವಿಟ್ಟು ಕೇಳಿದರು.

"ಆತೇನು ಹೆರಿಗಿ?"

"ಆತ್ರಿ ಸಾಹೇಬ್ರ."

"ಗಂಡೋ, ಹೆಣ್ಣೋ?"

"ಗಂಡ್ರಿ."

"ಭಾಳ ಸಂತೋಷ. ಅರ್ಧ ದಿನ."

ಹಲಗೆ ಬಿತ್ತು.

ಇದನ್ನು ಕೇಳಿ ಅವರು ಕಾರ್ಮಿಕರ ವೈರಿ, ಮಾಲೀಕರ ಮನುಷ್ಯ ಎಂದುಕೊಂಡರೆ ತಪ್ಪಾಗುತ್ತದೆ. ಅವರು ಗಡಿಯಾರದ ಮನುಷ್ಯ. ಒಂದು ಮಳೆಗಾಲದಲ್ಲಿ ಕುರ್ಲಾದ ಹತ್ತಿರ ಹಳಿಗಳ ಮೇಲೆ ನೀರು ನಿಂತು ಲೋಕಲ್‌ಗಳೆಲ್ಲ ಬಂದಾದವು. ಆ ದಿನ ಬಂದವರೆಲ್ಲರ ಹಾಜರಿ ಹಾಕಬೇಕೆಂದು ಮ್ಯಾನೇಜರರ ಅಪ್ಪಣೆಯಾಗಿತ್ತು. ನಮ್ಮವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಸೊಂಟದವರೆಗಿನ ನೀರಿನಲ್ಲಿ ನಡೆದು ಒಂಬತ್ತೂವರೆಗೆ ಬಂದರು. ಎಲ್ಲರಿಗೂ ಅಪ್ಪಣೆಯ ಪ್ರಕಾರ ಹಾಜರಿ ಹಾಕಿದರು. ತಮ್ಮ ಕಾರ್ಡಿನಲ್ಲಿ ಮಾತ್ರ ಅರ್ಧ ದಿನ ಎಂದು ಬರೆದುಕೊಂಡರು. ಯಾಕೆಂದು ನಾನು ಕೇಳಿದೆ. "ಮಳಿ ಅವ್ರಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ಮುಂಚೇನ ಹೊಂಡಬೇಕಿತ್ತು," ಎಂದರು. ಇದನ್ನು ಈಗಲೇ ಹೇಳಿಡುತ್ತಿದ್ದೇನೆ. ಮುಂದೆ ಬೇಕಾಗುತ್ತದೆ.

ಇನ್ನು ನನ್ನ ಕತೆ. ನಾನು ಕುಂದಾಪುರ ಕಡೆಯವನು. ಅದೇ ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಟೆಂಪರರಿ ಕ್ಲಾರ್ಕ್. ಎಂಟು ತಿಂಗಳು ಕೆಲಸ ಮಾಡಿಸಿ, ಹದಿನೈದು ದಿನ ಮನೆಗೆ ಕಳಿಸಿ, ಮತ್ತೆ ಹೊಸ ಮನುಷ್ಯನೆಂಬಂತೆ ಕರೆದು ಸೇರಿಸಿಕೊಳ್ಳುವ ಪದ್ಧತಿ ಆಗ ಇತ್ತು. ಹೀಗೆ ನಾನು ನಾಲ್ಕು ವರ್ಷದಲ್ಲಿ ಆರು ಸಲ ಹೊಸಬನಾಗಿದ್ದೆ. ಮಾರ್ಚ್ ಮೂವತ್ತೊಂದಕ್ಕೆ ಮುಗಿದರೆ ಮತ್ತೆ ಕರೆಯುವುದಿಲ್ಲ ಎಂದು ಆ ಸಲ ಮುಂಚೆಯೇ ಹೇಳಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಮತ್ತು ವರ್ಷ ತುಂಬುತ್ತಿದ್ದ ಮಗಳು ಮಾವನ ಮನೆಯಲ್ಲಿದ್ದರು. ನಾನು ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಹಿಂದಿನ ಖೋಲಿಯಲ್ಲಿ, ಹೋಟೆಲಿನ ಏಳು ಜನ ಕೆಲಸಗಾರರ ಜೊತೆ ಎಂಟನೆಯವನಾಗಿ ಮಲಗುತ್ತಿದ್ದೆ. ಹೆಂಡತಿಯನ್ನು ಕರೆದುಕೊಂಡು ಬಂದರೆ ಒಂಬತ್ತನೆಯವಳಾಗಿ ಮಲಗಿಸುವ ಹಾಗಿರಲಿಲ್ಲ. ಪರ್ಮನೆಂಟ್ ಆದವರಿಗೆ ಕಂಪನಿಯ ಸಾಲುಮನೆಯಾದ ಚಾಳಿನಲ್ಲಿ ಒಂದು ಖೋಲಿ ಸಿಗುತ್ತಿತ್ತು. ಮಾವನವರ ಪತ್ರ ತಿಂಗಳಿಗೊಂದು ಬರುತ್ತಿತ್ತು. ಅದರಲ್ಲಿ ಎರಡೇ ವಿಷಯ: ಮಗುವಿನದೊಂದು, ಖೋಲಿಯದೊಂದು.

ಆ ಜನವರಿಯಲ್ಲಿ ಒಂದು ಪರ್ಮನೆಂಟ್ ಜಾಗ ಖಾಲಿಯಾಯಿತು. ಬೆಂಕಿ ಆರಿಸುವ ವಿಭಾಗದ ಕ್ಲಾರ್ಕ್. ಬಕೆಟ್ಟುಗಳಲ್ಲಿ ಮರಳು ಇದೆಯೇ ಎಂದು ವಾರಕ್ಕೊಮ್ಮೆ ನೋಡಿ, ಇದೆ ಎಂದು ರಿಜಿಸ್ಟರಿನಲ್ಲಿ ಬರೆಯುವ ಕೆಲಸ. ಆದರೆ ಆ ವಿಭಾಗಕ್ಕೆ ಸೇರುವ ಪ್ರತಿಯೊಬ್ಬನೂ ಎಂಟು ನಿಮಿಷದಲ್ಲಿ ಒಂದು ಮೈಲಿ ಓಡಬೇಕೆಂದು ಕಂಪನಿಯ ನಿಯಮವಿತ್ತು. ಅದರಲ್ಲಿ ಕ್ಲಾರ್ಕನನ್ನು ಬಿಟ್ಟು ಎಂದು ಬರೆಯುವುದನ್ನು ಯಾರೋ ಮರೆತಿದ್ದರು. ಮರಳಿಗೆ ಬೆಂಕಿ ಬಿದ್ದರೆ ಕ್ಲಾರ್ಕನು ಯಾವ ದಿಕ್ಕಿಗೆ ಓಡಬೇಕು ಎಂಬುದೂ ನಿಯಮದಲ್ಲಿ ಇರಲಿಲ್ಲ. ಅರ್ಜಿ ಹಾಕಿದ್ದು ಇಬ್ಬರು. ಒಬ್ಬ ನಾನು. ಇನ್ನೊಬ್ಬ ಸ್ಟೋರ್ ವಿಭಾಗದ ಟೆಂಪರರಿ, ಬೊರಿವಲಿಯಿಂದ ಬರುತ್ತಿದ್ದ ನಮ್ಮ ಕನ್ನಡದವನೇ. ನನಗೆ ಅವನಿಗಿಂತ ಒಂದು ವರ್ಷ ಹೆಚ್ಚು ಸರ್ವಿಸ್ ಇತ್ತು. ಇಬ್ಬರೂ ಪಾಸಾದರೆ ಕೆಲಸ ನನಗೇ. ನಾನು ಅವನನ್ನು ಸೋಲಿಸಬೇಕಾಗಿರಲಿಲ್ಲ. ಎಂಟು ನಿಮಿಷದೊಳಗೆ ಗೆರೆ ದಾಟಿದರೆ ಸಾಕಿತ್ತು.

ತಾನ್ಸಾ ಕೆರೆಯಿಂದ ಪಟ್ಟಣಕ್ಕೆ ನೀರು ತರುವ ದೊಡ್ಡ ಪೈಪು ನಮ್ಮ ಕಾರ್ಖಾನೆಯ ಹಿಂದೆ ಹಾದುಹೋಗುತ್ತದೆ. ಅದರ ಬದಿಗೆ ಮಣ್ಣಿನ ದಾರಿ. ಮೊದಲ ದಿನ ಬೆಳಿಗ್ಗೆ ಆರೂವರೆಗೆ ಅಲ್ಲಿ ಓಟ ಶುರುಮಾಡಿದೆ. ಮೂರನೆಯ ನಿಮಿಷಕ್ಕೆ ಹೊಟ್ಟೆ ಹಿಡಿದುಕೊಂಡಿತು. ಪೈಪಿಗೆ ಒರಗಿ, ಮಂಡಿಯ ಮೇಲೆ ಕೂತು, ಸಾಯುವುದಾದರೆ ಯಾರಿಗೆ ಏನು ಹೇಳಬೇಕೆಂದು ಯೋಚಿಸುತ್ತಿರುವಾಗ ಮಗ್ಗುಲಲ್ಲಿ ಸೈಕಲ್ಲು ನಿಂತ ಸದ್ದಾಯಿತು.

"ಏನ್ರೀ, ಹೊಟ್ಟಿ ಹಿಡೀತೇನು?"

ನಾನು ತಲೆಯಾಡಿಸಿದೆ.

"ತಲಿ ಆಡಸಬ್ಯಾಡ್ರಿ. ತಲಿಗೆ ಏನೂ ಆಗಿಲ್ಲ. ಬಾಯಿಂದ ಹೇಳ್ರಿ."

"ಹಿಡಿಯಿತು."

"ಏನು ಹಿಡೀತು, ಎಲ್ಲೆ ಹಿಡೀತು? ಪೂರ್ತಿ ಹೇಳ್ರಿ."

"ಬಲಗಡೆ ಪಕ್ಕೆಯ ಕೆಳಗೆ ಹೊಟ್ಟೆ ಹಿಡಿದಿದೆ, ಸರ್."

"ಹಾಂ. ಬೀಗರು ಬಂದಾರ. ಏಳ್ರಿ ಮ್ಯಾಲೆ. ಬೀಗರನ್ನ ಕೂಡಸಿದ್ರ ಉಂಡು, ಮಲಗಿ, ಚಾ ಕುಡದು ಹೋಗ್ತಾರ. ನಡಕೋತ ಮಾತಾಡ್ಸಿದ್ರ ಬಾಗಲದಾಗಿಂದನ ಹೋಗ್ತಾರ."

ಹೀಗೆ ನನಗೆ ಗುರು ಸಿಕ್ಕಿದರು. ಅವರು ಸಿನಿಮಾ ನೋಡುವವರಲ್ಲ, ಇಸ್ಪೀಟು ಆಡುವವರಲ್ಲ. ದಿನಾ ಬೆಳಿಗ್ಗೆ ಒಂದು ಗಂಟೆ ಒಬ್ಬ ಮನುಷ್ಯ ಹೊಟ್ಟೆ ಹಿಡಿದುಕೊಂಡು ಒದ್ದಾಡುವುದನ್ನು ನೋಡುವ ಅವಕಾಶವನ್ನು ಅವರು ಯಾಕೆ ಬಿಟ್ಟಾರು. ಮಾರನೆಯ ದಿನ ಕಂಪನಿಯ ಸ್ಟಾಪ್‌ವಾಚನ್ನೇ ತಂದರು, ಅದನ್ನು ತಂದದ್ದಕ್ಕೆ ಮ್ಯಾನೇಜರರಿಂದ ಬರೆಸಿಕೊಂಡ ಚೀಟಿಯ ಸಮೇತ.

ಅವರು ಓಡುತ್ತಿರಲಿಲ್ಲ. ಸೈಕಲ್ಲಿನ ಮೇಲೆ ಪಕ್ಕದಲ್ಲಿ ಬರುತ್ತಿದ್ದರು. ನೀವು ಎಂದಾದರೂ ಓಡಿದ್ದೀರಾ ಎಂದು ಒಮ್ಮೆ ಕೇಳಿದೆ. "ಓಡಿದವ್ರಿಗೆ ಕಲಸಾಕ ಬರಂಗಿಲ್ಲ. ಅವ್ರ ಲಕ್ಷ್ಯ ಎಲ್ಲಾ ತಮ್ಮ ಓಟದ ಮ್ಯಾಲೇ ಇರ್ತೈತಿ," ಎಂದರು. ಆದರೂ ಅವರು ಕಲಿಸಿದ್ದೆಲ್ಲ ನಿಜವಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು. ನೋವು ಬಂದಾಗ ನಿಲ್ಲಬಾರದು, ನಿಧಾನ ಮಾಡಬೇಕು. ನೋವಿರುವುದು ಬಲಕ್ಕಾದರೆ ಎಡಗಾಲು ನೆಲಕ್ಕೆ ಬಿದ್ದಾಗ ಉಸಿರು ಬಿಡಬೇಕು. ಎರಡು ಬೆರಳಿನಿಂದ ನೋವಿನ ಜಾಗ ಒತ್ತಿ ಸ್ವಲ್ಪ ಮುಂದೆ ಬಾಗಬೇಕು. ಉಸಿರನ್ನು ಎದೆಯಲ್ಲಿ ಇಟ್ಟುಕೊಳ್ಳದೆ ಹೊಟ್ಟೆಯವರೆಗೆ ಎಳೆಯಬೇಕು. ಮೊದಲ ಸುತ್ತು ಮದುವೆಯ ಮೆರವಣಿಗೆಯ ಹಾಗೆ ಹೋಗಬೇಕು, ಕೊನೆಯದು ರೈಲು ತಪ್ಪುವವನ ಹಾಗೆ.

ಎಲ್ಲಕ್ಕಿಂತ ದೊಡ್ಡ ಪಾಠ ಮಾತಿನದು. ಓಡುವವನು ಪೂರ್ತಿ ವಾಕ್ಯ ಹೇಳಬಲ್ಲನಾದರೆ ಅವನ ಉಸಿರು ಸರಿಯಿದೆ. ಹೇಳಲಾರನಾದರೆ ಅಳತೆ ಮೀರಿ ಓಡುತ್ತಿದ್ದಾನೆ, ಈಗ ನೋವು ಬರುತ್ತದೆ ಎಂದು ಅರ್ಥ. ಇದು ಅವರ ಸಿದ್ಧಾಂತ. ಅದಕ್ಕಾಗಿ ಸೈಕಲ್ಲಿನ ಮೇಲಿನಿಂದ ಪ್ರಶ್ನೆ ಕೇಳುತ್ತಿದ್ದರು. ಹೂಂ, ಊಹೂಂ ನಡೆಯುತ್ತಿರಲಿಲ್ಲ. ಕ್ರಿಯಾಪದದವರೆಗೆ ಮುಟ್ಟಬೇಕು. ಅರ್ಧಕ್ಕೆ ಬಿಟ್ಟರೆ ಹಿಂದಿನ ದೀಪದ ಕಂಬಕ್ಕೆ ವಾಪಸು ಕಳಿಸುತ್ತಿದ್ದರು. ಅಲ್ಲಿಂದ ಮತ್ತೆ ಓಡಿ ಬರುತ್ತ ಪೂರ್ತಿ ಹೇಳಬೇಕು. ಸುಲಭದ ಪ್ರಶ್ನೆಗಳನ್ನು ಮೊದಲ ವಾರದಲ್ಲೇ ಮುಗಿಸಿದರು. ಆಮೇಲೆ ಅವರಿಗೆ ನನ್ನ ಮಾವನವರ ಪತ್ರಗಳ ಸುಳಿವು ಸಿಕ್ಕಿತು.

"ಮಾವನೋರ ಪತ್ರ ಬಂತೇನ್ರಿ?"

"ಬಂತು... ಸರ್."

"ಏನ್ ಬರದಾರ?"

"ಮಗು... ಪೋಸ್ಟ್‌ಮ್ಯಾನನ್ನು..."

"ಪೋಸ್ಟ್‌ಮ್ಯಾನನ್ನು ಏನು? ಪೋಸ್ಟ್‌ಮ್ಯಾನನ್ನು ಕಚ್ಚಿತೇನು? ಹೋಗ್ರಿ, ಕಂಬದ ತನಕಾ ಹೋಗಿ ಬರ್ರಿ."

ಕಂಬದ ತನಕ ಹೋಗಿ, ಪಕ್ಕೆಗೆ ಬೆರಳೊತ್ತಿಕೊಂಡು ಬರುತ್ತ ಹೇಳಿದೆ: "ಮಗು ಪೋಸ್ಟ್‌ಮ್ಯಾನನ್ನು ಅಪ್ಪ ಎಂದು ಕರೆಯುತ್ತದೆ ಎಂದು ಬರೆದಿದ್ದಾರೆ, ಸರ್."

ಅವರು ಸೈಕಲ್ಲಿನ ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ. "ಪೋಸ್ಟ್‌ಮ್ಯಾನ್ ಪರ್ಮನೆಂಟ್ ಇರ್ಬೇಕು," ಎಂದರು. "ಕೂಸು ಶ್ಯಾಣೆ ಐತಿ."

ಇಂಥ ಮಾತಿಗೆ ಸಿಟ್ಟು ಬರಬೇಕು. ಬರುತ್ತಿತ್ತು ಕೂಡ. ಆದರೆ ಸಿಟ್ಟು ಬರಲು ಉಸಿರು ಬೇಕಲ್ಲ.

ಒಂದು ತಿಂಗಳಾದರೂ ನೋವು ಮೂರನೆಯ ನಿಮಿಷಕ್ಕೆ ಹಾಜರಾಗುವುದು ತಪ್ಪಲಿಲ್ಲ. ಅದರ ಕಾರ್ಡಿನಲ್ಲಿ ಅರ್ಧ ದಿನ ಬರೆಯುವ ಸಂದರ್ಭವೇ ಬರಲಿಲ್ಲ. ಕಾರಣ ನಮ್ಮ ಹೋಟೆಲಿನ ಅಡಿಗೆ ಭಟ್ಟರು. ಖೋಲಿಯಲ್ಲಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದ ಅವರಿಗೆ, ಊರಿನವನೊಬ್ಬ ತಮ್ಮ ಅಡಿಗೆಮನೆಯ ಮುಂದಿನಿಂದ ಬರೀ ಹೊಟ್ಟೆಯಲ್ಲಿ ಹೊರಗೆ ಹೋಗುವುದೆಂದರೆ ತಮ್ಮ ಮಾನದ ಪ್ರಶ್ನೆ.

"ಖಾಲಿ ಹೊಟ್ಟೆಯಲ್ಲಿ ಓಡಿದ್ರೆ ಕಣ್ಣು ಕತ್ತಲೆ ಬಂದು ಬೀಳ್ತೀರಿ ಮಾರಾಯ್ರೆ. ಮೊದಲ ಒಬ್ಬೆ ಇಡ್ಲಿ, ಬಿಸಿ ಉಂಟು. ನಾಲ್ಕೇ ನಾಲ್ಕು."

"ಬೇಡ ಭಟ್ರೆ, ಹೊಟ್ಟೆ ಹಿಡೀತದೆ."

"ಹೊಟ್ಟೆ ಹಿಡಿಯೋದು ಹಸಿವೆಗೆ. ಓಡುವವನಿಗೆ ಬಲ ಬೇಡವಾ? ಎಂಥ ಕ್ಲಾರ್ಕು ನೀವು."

ನಾನು ತಿನ್ನುತ್ತಿದ್ದೆ. ಬೇಡವೆಂದರೆ ಅವರಿಗೆ ಬೇಸರ. ಅದಕ್ಕಿಂತ ಹೆಚ್ಚಾಗಿ, ಆ ಇಡ್ಲಿ ಚೆನ್ನಾಗಿರುತ್ತಿತ್ತು. ಫೆಬ್ರುವರಿಯ ಒಂದು ಭಾನುವಾರ ಗುರುಗಳು ದೂರದ ಓಟಕ್ಕೆಂದು ಪವಾಯಿ ಕೆರೆಯ ಹತ್ತಿರ ಕರೆದುಕೊಂಡು ಹೋದರು. ಅವರು ಏರಿಯ ಮೇಲೆ ಟವೆಲು ಹಾಸಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಕೆರೆಯ ಬದಿಯ ರಸ್ತೆಯಲ್ಲಿ ಅರ್ಧ ಮೈಲಿ ಹೋಗಿ ವಾಪಸು ಬಂದು ಅವರ ಕಾಲಬುಡದಲ್ಲಿ ಆ ಬೆಳಗಿನ ಇಡ್ಲಿಯನ್ನೆಲ್ಲ ಕಕ್ಕಿದೆ. ಅವರು ಬಾಗಿ ನೋಡಿದರು.

"ನಾಕು."

"ಹೌದು ಸರ್."

"ಓಡೂದಕ್ಕ ಎರಡು ತಾಸು ಮುಂಚೆ ಏನೂ ತಿನ್ನಬಾರ್ದು. ಒಂದು ಗುಟುಕು ನೀರು, ಸಾಕು."

"ನಾನು ತಿಂದು ಬರುತ್ತೇನೆಂದು ನಿಮಗೆ ಇವತ್ತು ಗೊತ್ತಾಯಿತೇ?"

"ಮೊದಲನೇ ದಿವಸಾನ ಗೊತ್ತಿತ್ತು. ಸಾಂಬಾರ ವಾಸನಿ ಬರತಿತ್ತು."

"ಒಂದು ತಿಂಗಳಾಯಿತು, ಸರ್. ಹೇಳಬಹುದಿತ್ತಲ್ಲ?"

"ಹೇಳಿದ್ರ ನಿಮಗ ತಿಳೀತಿತ್ತು," ಎಂದು ಶೇಂಗಾದ ಸಿಪ್ಪೆ ಊದಿದರು. "ಹೊಟ್ಟಿಗೆ ತಿಳೀತಿರಲಿಲ್ಲ."

ಹೊಟ್ಟೆಗೆ ತಿಳಿಯಿತು ಎಂಬುದರಲ್ಲಿ ಸಂಶಯವಿಲ್ಲ. ಇಂದಿಗೂ ಬೆಳಿಗ್ಗೆ ಏಳರ ಒಳಗೆ ಇಡ್ಲಿ ಕಂಡರೆ ಅದು ಹಿಂದಕ್ಕೆ ಸರಿಯುತ್ತದೆ. ಮಾರನೆಯ ದಿನದಿಂದ ಭಟ್ಟರ ಕಣ್ಣು ತಪ್ಪಿಸಿ ಹೋಟೆಲಿನ ಹಿಂಬಾಗಿಲಿನಿಂದ ಕಳ್ಳನ ಹಾಗೆ ಹೋಗತೊಡಗಿದೆ. ಭಟ್ಟರು ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟರು. ನನ್ನ ಓಟ ಮಾತ್ರ ಸುಧಾರಿಸಿತು. ನೋವು ಮೂರನೆಯ ನಿಮಿಷದಿಂದ ಐದಕ್ಕೆ, ಐದರಿಂದ ಏಳಕ್ಕೆ ಸರಿಯಿತು. ಬಂದರೂ ಬೆರಳೊತ್ತಿ, ಎಡಗಾಲಿಗೆ ಉಸಿರು ಬಿಟ್ಟು, ನಾಲ್ಕು ಮಾತಾಡಿಸಿ ಕಳಿಸುವುದನ್ನು ಕಲಿತೆ.

ಬೊರಿವಲಿಯವನು ಅಭ್ಯಾಸಕ್ಕೆ ಬಂದದ್ದು ಒಂದೇ ದಿನ. ನಾನೇ ಕರೆದಿದ್ದೆ, ಒಬ್ಬನೇ ಬೈಸಿಕೊಳ್ಳುವುದು ಬೇಸರವಾಗಿತ್ತು. ಅವನು ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಓಡುತ್ತಿದ್ದ. ನಮ್ಮವರು ಸೈಕಲ್ಲನ್ನು ಅವನ ಪಕ್ಕಕ್ಕೆ ತಂದು, "ಬೊರಿವಲಿಯಿಂದ ಎಷ್ಟರ ಗಾಡಿಗೆ ಬರ್ತೀರಿ?" ಎಂದು ಕೇಳಿದರು. ಅವನು ಉತ್ತರ ಕೊಡದೆ ಓಡಿದ. ಮತ್ತೆ ಕೇಳಿದರು. ಅವನು ಪೈಪಿನ ಕಡೆಗೆ ಉಗಿದು, ಇನ್ನೂ ಸ್ವಲ್ಪ ಜೋರಾಗಿ ಓಡಿದ. ನಮ್ಮವರು ಸೈಕಲ್ಲು ಇಳಿದುಬಿಟ್ಟರು.

"ಹಿರೇರು ಕೇಳಿದ್ದಕ್ಕ ಉತ್ತರ ಕೊಡಾಕ ಬರಂಗಿಲ್ಲ, ಇಂವ ಏನ್ ಓಡ್ತಾನ," ಎಂದರು. "ನಾಳೆಯಿಂದ ಇವನ್ನ ಕರಕೊಂಡು ಬರಬ್ಯಾಡ್ರಿ. ನಿಮ್ಮನ್ನೂ ಕೆಡಸ್ತಾನ."

ನನಗೆ ಒಳಗೊಳಗೇ ಹೆಮ್ಮೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟು ದಿನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಇನ್ನೊಬ್ಬನನ್ನು ಬೈದು.

ಮಾರ್ಚ್ ಎರಡನೆಯ ವಾರ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಪರೀಕ್ಷೆಯಂತೆಯೇ ಓಡಿಸಿ ನೋಡಿದರು. ಐದು ಸುತ್ತು ಓಡಿದರೆ ಒಂದು ಮೈಲಿ. ಏಳು ನಿಮಿಷ ಐವತ್ತೊಂದು ಸೆಕೆಂಡು. ಸ್ಟಾಪ್‌ವಾಚನ್ನು ನನಗೆ ತೋರಿಸದೆ ಜೇಬಿಗೆ ಹಾಕಿ, "ಖೋಲಿಗೆ ಪರದೆ ತಗೊಳ್ರಿ. ಚಾಳಿನ್ಯಾಗ ಬಾಗಲ ಎದುರಾಬದುರಾ ಇರ್ತಾವ," ಎಂದರು. ನಾನು ಆ ರಾತ್ರಿಯೇ ಮಾವನವರಿಗೆ ಪತ್ರ ಬರೆದೆ. ಏಪ್ರಿಲ್ ಕೊನೆಗೆ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ, ತಯಾರಾಗಿರಲಿ ಎಂದು. ನೀಲಿ ಹೂವಿನ ಪರದೆಯ ಬಟ್ಟೆಯನ್ನೂ ತಂದಿಟ್ಟೆ. ಭಟ್ಟರು ಮಾತು ಬಿಟ್ಟಿದ್ದನ್ನು ಮರೆತು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಬಣ್ಣ ಹೋಗ್ತದೆ ಇದು," ಎಂದರು.

ಪರೀಕ್ಷೆ ಮಾರ್ಚ್ ಇಪ್ಪತ್ತರ ಸುಮಾರಿಗೆ, ಬೆಳಿಗ್ಗೆ ಏಳಕ್ಕೆ. ಸಿಬ್ಬಂದಿ ವಿಭಾಗದ ಸಹಾಯಕನೊಬ್ಬ ಹಾಳೆ ಪೆನ್ನು ಹಿಡಿದು ಕುರ್ಚಿಯ ಮೇಲೆ ಕೂತಿದ್ದ. ಕಾರ್ಖಾನೆಯಲ್ಲಿ ಸ್ಟಾಪ್‌ವಾಚು ಹಿಡಿಯುವ ಅಧಿಕಾರವಿದ್ದದ್ದು ಒಬ್ಬರಿಗೇ. ಅವರು ಸುಣ್ಣದ ಗೆರೆಯ ಪಕ್ಕದಲ್ಲಿ ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ಗುರುತಿಲ್ಲದವರ ಹಾಗೆ ಹೆಸರು, ವಿಭಾಗ ಕೇಳಿ ಕಾರ್ಡಿನ ಜೊತೆ ಹೋಲಿಸಿ ನೋಡಿದರು. ಅದು ಅವರ ನ್ಯಾಯ.

ಮೊದಲ ಸುತ್ತು ಮೆರವಣಿಗೆಯ ಹಾಗೆ ಹೋದೆ. ಬೊರಿವಲಿಯವನು ಮುಂದೆ ಹೋದ, ಹೋಗಲಿ ಎಂದುಕೊಂಡೆ. ಎರಡು, ಮೂರು, ನಾಲ್ಕು ಸರಿಯಾಗಿಯೇ ಆದವು. ಐದನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಕ್ಲಿಪ್ಪು ಕಚ್ಚಿತು. ಬೆರಳೊತ್ತಿದೆ. ಎಡಗಾಲಿಗೆ ಉಸಿರು ಬಿಟ್ಟೆ. ಬೊರಿವಲಿಯವನು ಆಗಷ್ಟೇ ಗೆರೆ ದಾಟಿ ಆಚೆ ಉಗಿಯುತ್ತಿದ್ದ. ನನಗೆ ಇನ್ನು ನಲವತ್ತು ಹೆಜ್ಜೆ ಇರಬೇಕು. ಇಕ್ಕಳವಾಗುವ ಮುಂಚೆ ಮುಟ್ಟುತ್ತೇನೆ ಎಂದು ಗೊತ್ತಿತ್ತು. ಇಪ್ಪತ್ತು ಹೆಜ್ಜೆ ಉಳಿಯಿತು. ಹತ್ತು ಉಳಿಯಿತು. ಆಗ ಅವರು ನನ್ನ ಕೈ ಪಕ್ಕೆಯ ಮೇಲಿರುವುದನ್ನು ನೋಡಿದರು. ಎರಡು ತಿಂಗಳಿಗೂ ಹೆಚ್ಚು ಕಾಲ ಪ್ರತಿ ಬೆಳಿಗ್ಗೆ ಆ ಕೈ ಆ ಜಾಗಕ್ಕೆ ಹೋದಾಗ ಕೇಳಿದ್ದನ್ನೇ ಕೇಳಿದರು.

"ಏನ್ರೀ, ಬಂದಾರೇನು ಬೀಗರು?"

ಅಷ್ಟು ದಿನದಲ್ಲಿ ನಾನು ಉತ್ತರ ಕೊಡದೆ ಮುಂದೆ ಹೋದದ್ದು ಇಲ್ಲ. ಅರ್ಧ ಉತ್ತರಕ್ಕೆ ಹಿಂದಿನ ಕಂಬವಿತ್ತು. ಗೆರೆಯ ಎದುರಿನಲ್ಲಿ ನನ್ನ ಕಾಲು ನಿಧಾನವಾಯಿತು, ಉಸಿರು ಹೊಟ್ಟೆಯವರೆಗೆ ಹೋಯಿತು, ತಲೆ ಅವರ ಕಡೆ ತಿರುಗಿತು. ಅವರದೇ ಭಾಷೆಯಲ್ಲಿ, ಕ್ರಿಯಾಪದದ ಸಮೇತ, ಮರ್ಯಾದೆಯಿಂದ ಹೇಳಿದೆ:

"ಬಂದಾರ್ರಿ ಸಾಹೇಬ್ರ. ಕೂಡಸಿಲ್ರಿ. ನಡಕೋತ ಮಾತಾಡ್ಸಾಕತ್ತೀನಿ."

ಆಮೇಲೆ ಗೆರೆ ದಾಟಿದೆ.

ಅವರು ಸ್ಟಾಪ್‌ವಾಚು ಒತ್ತಿ, ಅದನ್ನೇ ಬಹಳ ಹೊತ್ತು ನೋಡುತ್ತ ನಿಂತರು. ನಂತರ ಇನ್ನೊಂದು ಜೇಬಿನಿಂದ ಸ್ವಂತದ ಗಡಿಯಾರ ತೆಗೆದು ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡರು. ಎರಡೂ ಒಂದೇ ಮಾತು ಹೇಳಿದಂತಿತ್ತು. ಸಹಾಯಕ ಪೆನ್ನು ಎತ್ತಿ ಹಿಡಿದು, "ಕಿತನಾ, ಸಾಬ್?" ಎಂದ.

"ಪಹಿಲಾ, ಸಾತ್ ಪೈಂತಾಲೀಸ್," ಎಂದರು. "ದೂಸರಾ, ಆಠ್ ಮಿನಿಟ್ ದೋ ಸೆಕಂಡ್." ಅವನದು ಏಳು ನಲವತ್ತೈದು, ನನ್ನದು ಎಂಟು ನಿಮಿಷ ಎರಡು ಸೆಕೆಂಡು.

ಸಹಾಯಕ ಒಳ್ಳೆಯವನು. ಪೆನ್ನನ್ನು ಹಾಳೆಗೆ ತಾಗಿಸದೆ ಅವರ ಮುಖ ನೋಡಿದ. "ಆಠ್ ಲಿಖೂಂ ಕ್ಯಾ?" ಎಂಟು ಎಂದಷ್ಟೇ ಬರೆಯಲೇ ಎಂದು ಮೆಲ್ಲಗೆ ಕೇಳಿದ.

"ಆಠ್ ದೋ," ಎಂದರು.

ಆ ದಿನ ಎಂಟಕ್ಕೆ ನಾನು ಕಿಟಕಿಯ ಮುಂದೆ ನಿಂತೆ. ಹಿಂದೆ ಸಾಲಿತ್ತು. ಅವರು ನನ್ನ ಕಾರ್ಡಿನ ಮೇಲೆ ಹೊತ್ತು ಬರೆದು ವಾಪಸು ಕೊಟ್ಟರು. ನಾನು ಜಾಗ ಬಿಡಲಿಲ್ಲ.

"ನೀವು ಕೇಳಿದಿರಿ, ಸರ್."

"ಕೇಳಿದೆ. ಕೇಳಬಾರ್ದಿತ್ತು. ಪರೀಕ್ಷಾದಾಗ ಓಡವ್ರನ್ನ ಮಾತಾಡಸಬಾರ್ದು. ನಂದು ತಪ್ಪು."

"ನಿಮ್ಮ ತಪ್ಪಿಗೆ ಎರಡು ಸೆಕೆಂಡು ಬಿಡಬಹುದಿತ್ತಲ್ಲ?"

"ನನ್ನ ತಪ್ಪಿಗೆ ಗಡಿಯಾರ ಯಾಕ್ರಿ ನಿಂದರ್ಬೇಕು?" ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವ ದನಿ. "ಮತ್ತ ನೀವರ ಯಾಕ ಉತ್ತರ ಕೊಟ್ರಿ?"

ಹಿಂದಿನವನು ತಳ್ಳಿದ. ನಾನು ಒಳಗೆ ಹೋದೆ.

ಸಂಜೆ ಹಾಜರಿಯ ಹಾಳೆಗಳು ನಮ್ಮ ವಿಭಾಗಕ್ಕೆ ಬರುತ್ತಿದ್ದವು. ಅವುಗಳನ್ನು ರಿಜಿಸ್ಟರಿಗೆ ಏರಿಸುವುದು ನನ್ನ ಕೆಲಸ. ಆ ದಿನದ ಹಾಳೆಯಲ್ಲಿ ಟೈಮ್‌ಕೀಪರ್ ಎಂಬ ಸಾಲಿನ ಎದುರಿಗೆ ಅವರದೇ ದುಂಡು ಅಕ್ಷರದಲ್ಲಿ 'ಅರ್ಧ ದಿನ' ಎಂದು ಬರೆದಿತ್ತು. ಕಾರಣದ ಕಾಲಮ್ಮಿನಲ್ಲಿ 'ಕೆಲಸದ ಹೊತ್ತಿನಲ್ಲಿ ಅನಾವಶ್ಯಕ ಮಾತು' ಎಂದಿತ್ತು. ನಾನು ಅದನ್ನು ರಿಜಿಸ್ಟರಿಗೆ ಏರಿಸಿದೆ.

ಮಾರ್ಚ್ ಮೂವತ್ತೊಂದರಂದು ಅಲ್ಲಿಂದ ಬಿಟ್ಟೆ. ಗೇಟಿನಿಂದ ಹೊರಗೆ ಬರುವಾಗ ಕಿಟಕಿಯ ಹಲಗೆ ಮುಚ್ಚಿತ್ತು. ಅವರು ನಿವೃತ್ತರಾದದ್ದು ಬಹಳ ವರ್ಷಗಳ ನಂತರ. ಬೀಳ್ಕೊಡುಗೆಯ ಸಭೆ ಐದು ನಿಮಿಷ ತಡವಾಗಿ ಶುರುವಾದದ್ದಕ್ಕೆ ಹಾರ ಹಾಕಿಸಿಕೊಳ್ಳದೆ ಎದ್ದುಹೋದರಂತೆ. ನಾನು ಅವರನ್ನು ಮತ್ತೆ ನೋಡಲಿಲ್ಲ.

ಬೆಂಕಿ ವಿಭಾಗದ ಕ್ಲಾರ್ಕ್ ಕೆಲಸ ಬೊರಿವಲಿಯವನಿಗೆ ಸಿಕ್ಕಿತು, ಚಾಳಿನ ಖೋಲಿಯೂ ಅವನಿಗೇ ಸಿಕ್ಕಿತು. ಪರದೆಯ ಬಟ್ಟೆಯನ್ನು ಭಟ್ಟರಿಗೆ ಕೊಟ್ಟೆ. ಎರಡು ಸಲ ಒಗೆದ ಮೇಲೆ ಬಣ್ಣ ಹೋಯಿತು. ನಾನು ಇನ್ನೂ ಮೂರು ಕಡೆ ಟೆಂಪರರಿಯಾಗಿ ದುಡಿದೆ. ನನ್ನ ಹೆಂಡತಿ ಮುಂಬಯಿಗೆ ಬಂದದ್ದು ಆರು ವರ್ಷದ ನಂತರ. ಮಗಳು ಆಗ ಎರಡನೆಯ ಕ್ಲಾಸಿನಲ್ಲಿದ್ದಳು.